ಅಪ್ಪನ ತೂಕ ಇಳಿಸಿದ ಏಳು ತಿಂಗಳು

ಫೆಬ್ರವರಿಯ ಮೊದಲ ಸೋಮವಾರ ಅಪ್ಪನ ತೂಕ ನೂರಾ ನಾಲ್ಕು ಕಿಲೋ. ವಯಸ್ಸು ಅರವತ್ತೆಂಟು. ಎರಡೂ ಮಂಡಿ ಸವೆದಿದ್ದವು. ಮಂಜಲ್‌ಪುರದ ನಮ್ಮ ಮನೆಯ ಹದಿನೆಂಟು ಮೆಟ್ಟಿಲು ಇಳಿಯಲು ಆರು ನಿಮಿಷ ಬೇಕಾಗುತ್ತಿತ್ತು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, "ತೊಂಬತ್ತೈದಕ್ಕೆ ಇಳಿಸಿಕೊಂಡು ಬನ್ನಿ, ಮಂಡಿ ಬದಲಾಯಿಸೋಣ. ಈ ತೂಕದಲ್ಲಿ ನಾನು ಕೈ ಹಾಕುವುದಿಲ್ಲ" ಎಂದರು.

ಅಂದೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ: ದಿನಾಂಕ, ತೂಕ, ಚಪಾತಿ, ಅನ್ನ, ಎಣ್ಣೆ. ಅಮ್ಮ ಹೋದ ಮೇಲೆ ಮನೆಯ ಅಡುಗೆ ನನ್ನದೇ, ಅಳೆಯುವುದು ಕಷ್ಟವಿರಲಿಲ್ಲ.

ಐದು ವಾರದಲ್ಲಿ ಇಳಿದದ್ದು ನಾನೂರು ಗ್ರಾಂ. "ಹೊರಗೆ ಏನು ತಿನ್ನುತ್ತೀರಿ?" ಎಂದು ಕೇಳಿದೆ.

"ದೇವರಾಣೆ, ನೀನು ಬಡಿಸಿದ್ದು ಬಿಟ್ಟರೆ ಎಂತದೂ ಇಲ್ಲ ಮಾರಾಯ್ತಿ."

ಅಪ್ಪ ಕುಂದಾಪುರದ ಕಡೆಯವರು. ಗುಜರಾತಿಗೆ ಬಂದು ಇದೇ ಊರಿನ ಫತೇಗಂಜ್‌ನಲ್ಲಿ ಚಿಕ್ಕದೊಂದು ಉಡುಪಿ ಹೋಟೆಲು ನಡೆಸುತ್ತಾರೆ. ಒಂದು ಭಾನುವಾರ ಅದರ ಅಡುಗೆಮನೆಯಲ್ಲಿ ಏಳರಿಂದ ಹನ್ನೊಂದರವರೆಗೆ ಕೂತು ಅಪ್ಪ ಬಾಯಿಗಿಟ್ಟದ್ದಕ್ಕೆಲ್ಲ ಗೀಟು ಹಾಕಿದೆ. ಅಪ್ಪ ಹಂಡೆಯಿಂದ ಹಂಡೆಗೆ ನಡೆಯುತ್ತ ಸೌಟಿನಿಂದ ಅಂಗೈಗೆ ಸಾಂಬಾರು ಸುರಿದುಕೊಂಡು ನೆಕ್ಕುತ್ತಿದ್ದರು. ಕಾವಲಿ ಕಾದಾಗಲೆಲ್ಲ ಮೊದಲ ದೋಸೆಯನ್ನು ಗಿರಾಕಿಗೆ ಕೊಡುವ ಕ್ರಮವಿಲ್ಲ; ಅದು ಅಪ್ಪನ ಬಾಯಿಗೆ. ಸಾಂಬಾರು ಹನ್ನೊಂದು ಸಲ, ದೋಸೆ ನಾಲ್ಕು, ಕೇಸರಿಬಾತು ಮೂರು ಚಮಚ, ವಡೆ ಒಂದೂವರೆ. ಓದಿ ಹೇಳಿದೆ.

"ಅದು ತಿಂದದ್ದಲ್ಲ, ರುಚಿ ನೋಡಿದ್ದು" ಎಂದರು ಅಪ್ಪ, ನಿಜಕ್ಕೂ ಬೇಸರದಿಂದ.

ಅಡುಗೆಯ ಭಟ್ಟರು ಕಾವಲಿ ಒರೆಸುತ್ತ ನಕ್ಕರು. "ಧಣಿಗಳೇ, ಮಗಳಲ್ಲ ಇದು, ಇನ್‌ಕಮ್ ಟ್ಯಾಕ್ಸ್ ರೇಡು ಬಿದ್ದದ್ದು!"

ಮರುದಿನದಿಂದ ಅಪ್ಪನನ್ನು ಹೋಟೆಲಿಗೆ ಕಳಿಸುವುದನ್ನೇ ನಿಲ್ಲಿಸಿದೆ. ಹೋಟೆಲನ್ನು ಭಟ್ಟರು ನೋಡಿಕೊಂಡರು. ಅಪ್ಪ ಟಿವಿಯ ಮುಂದೆ ಕೂತರು. ಮಂಡಿ ನೋವೆಂದು ನಡೆಯಲೂ ಇಲ್ಲ. ಅದರ ಬದಲಿಗೆ ನಾನು ತಟ್ಟೆಯಿಂದ ಇನ್ನಷ್ಟು ತೆಗೆದೆ. ಮೊಸರು ಬಿಡಿಸಿದೆ, ರಾತ್ರಿಯ ಬೇಳೆ ಬಿಡಿಸಿ ಸೋರೆಕಾಯಿ ಬೇಯಿಸಿ ಕೊಟ್ಟೆ. ಹಸಿವು ಎಂದು ಅವರು ಎರಡು ಸಲ ಮಾತ್ರ ಹೇಳಿದ್ದಾರೆ. ಎರಡನ್ನೂ ಬರೆದಿಟ್ಟಿದ್ದೇನೆ. ಮೇ ಕೊನೆಗೆ ತೊಂಬತ್ತೊಂಬತ್ತು, ಆಗಸ್ಟ್ ಎರಡನೇ ವಾರಕ್ಕೆ ತೊಂಬತ್ನಾಲ್ಕೂವರೆ. ನಾನು ಮಾಸಿ ಎಂದು ಕರೆಯುವ ಕೆಳಮನೆಯ ಗುಜರಾತಿ ಹೆಂಗಸು ನನ್ನ ಬೆನ್ನು ತಟ್ಟಿದರು. ಅಪ್ಪ ಕಮೋಡಿನಿಂದ ಏಳಲು ನನ್ನನ್ನು ಕರೆಯತೊಡಗಿದ್ದು ಆ ತಿಂಗಳಲ್ಲೇ. ಅದಕ್ಕೆ ನೋಟ್‌ಬುಕ್ಕಿನಲ್ಲಿ ಜಾಗ ಇರಲಿಲ್ಲ. ಮಂಡಿಯ ನೋವು ಎಂದುಕೊಂಡೆ.

ಆಪರೇಷನ್‌ಗೆ ಮೊದಲಿನ ತಪಾಸಣೆಗೆ ಇನ್ನೊಬ್ಬ ಡಾಕ್ಟರು ಇದ್ದರು, ನಡುವಯಸ್ಸಿನ ಹೆಂಗಸು. "ಕಾಕಾ, ಕೈ ಕಟ್ಟಿಕೊಂಡು ಕುರ್ಚಿಯಿಂದ ಎದ್ದು ನಿಲ್ಲಿ" ಎಂದರು. ಅಪ್ಪ ಮೂರು ಸಲ ಮುಂದಕ್ಕೆ ಬಾಗಿದರು. ಏಳಲಾಗಲಿಲ್ಲ. ಡಾಕ್ಟರು ಅವರ ತೊಡೆ ಒತ್ತಿ ನೋಡಿದರು. ಏನು ತಿನ್ನುತ್ತಾರೆ ಎಂದಾಗ ನಾನು ನೋಟ್‌ಬುಕ್ಕನ್ನೇ ಕೊಟ್ಟೆ, ಹೆಮ್ಮೆಯಿಂದಲೇ. ಅವರು ನಿಧಾನವಾಗಿ ಪುಟ ತಿರುವಿದರು.

"ಬೇಳೆ ಎಲ್ಲಿ? ಮೊಸರು ಎಲ್ಲಿ?" ಬಿಡಿಸಿದ್ದೇನೆ ಎಂದೆ. "ಈ ವಯಸ್ಸಿನಲ್ಲಿ ಬರೀ ಊಟ ಕಮ್ಮಿ ಮಾಡಿ ಕೂರಿಸಿಬಿಟ್ಟರೆ ಬೊಜ್ಜಿನ ಜೊತೆ ಮಾಂಸಖಂಡವೂ ಹೋಗುತ್ತದೆ, ಬೇಟಾ. ಹೋಟೆಲಿನಲ್ಲಿ ಓಡಾಡುತ್ತಿದ್ದದ್ದು ಒಳ್ಳೆಯದೇ ಇತ್ತು. ಹೊಸ ಮಂಡಿ ಹಾಕಿದರೂ ಅದನ್ನು ಎತ್ತುವ ಕಾಲು ಬೇಕಲ್ಲ?" ಆಪರೇಷನ್ ಮುಂದೆ ಹೋಯಿತು. ಎಷ್ಟು ಮುಂದೆ ಎಂದು ಅವರು ಹೇಳಲಿಲ್ಲ.

ರಿಕ್ಷಾದಲ್ಲಿ ಅಪ್ಪ, "ನೀನು ಹೇಳಿದ್ದೆಲ್ಲ ಮಾಡಿದೆನಲ್ಲ ಮಗಾ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಈಗ ಬೇಳೆ, ಮೊಸರು ಮತ್ತೆ ತಟ್ಟೆಗೆ ಬಂದಿವೆ, ಜೊತೆಗೆ ಮೊಟ್ಟೆಯೂ. ವಾರಕ್ಕೆರಡು ಸಲ ಫಿಸಿಯೋಥೆರಪಿಯವರು ಬರುತ್ತಾರೆ. ಕೈ ಊರದೆ ಕುರ್ಚಿಯಿಂದ ಸತತ ಹತ್ತು ಸಲ ಎದ್ದರೆ ಮಾತ್ರ ಆಪರೇಷನ್ ಮಾತು. ಸೆಪ್ಟೆಂಬರ್ ಪೂರ್ತಿ ಸೊನ್ನೆ. ಅಕ್ಟೋಬರ್‌ನಲ್ಲಿ ಒಂದು, ಮತ್ತೆ ಸೊನ್ನೆ, ಎರಡು. ತೂಕ ಒಂದೂವರೆ ಕಿಲೋ ಏರಿದೆ. ಅದನ್ನು ಸದ್ಯ ನೋಡಬೇಡ ಎಂದು ಡಾಕ್ಟರು ಹೇಳಿದ್ದಾರೆ.

ನಿನ್ನೆ ಅಪ್ಪ ಉಬ್ಬಸಪಡುತ್ತ, "ಮೂರಾಯ್ತು, ಬರಿ" ಎಂದರು. ಮೂರನೆಯದಕ್ಕೆ ನನ್ನ ಭುಜ ಹಿಡಿದಿದ್ದರು. ಎರಡು ಎಂದು ಬರೆದೆ. ಅವರು ಬಗ್ಗಿ ನೋಡಿದರು, ಮತ್ತೆ ಕುರ್ಚಿಯಲ್ಲಿ ಕೂತು ಕೈ ಕಟ್ಟಿಕೊಂಡರು.