ಬೆವರುವ ಬೆಸುಗೆ

ಇವತ್ತು ಬೆಳಿಗ್ಗೆ ಬಚ್ಚಲೊಲೆಯ ಕೆಂಡದ ಮೇಲೆ ಸೋಪಿನ ಚೂರೊಂದು ಜಾರಿ ಬಿತ್ತು. ಶ್ರೀಗಂಧದ ಸೋಪು ಸುಟ್ಟ ವಾಸನೆ ನೀವು ಎಂದಾದರೂ ಮೂಸಿದ್ದೀರಾ? ದೇವರ ಮನೆಯಲ್ಲಿ ಏನೋ ತಪ್ಪು ನಡೆದುಹೋದ ಹಾಗಿರುತ್ತದೆ. ಚಿಕ್ಕಣ್ಣ ಬೆನ್ನ ಹಿಂದೆಯೇ ನಿಂತಿದ್ದಾನೆ ಅನ್ನಿಸಿ, ಈ ವಯಸ್ಸಿನಲ್ಲಿ ಟವೆಲ್ಲು ಸುತ್ತಿಕೊಂಡು ಹೊರಗೆ ಓಡಿಬಂದೆ.

ಚಿಕ್ಕಣ್ಣ ಇಲವಾಲದವನು. ಐವತ್ತರ ದಶಕದ ಕೊನೆಯಲ್ಲಿ, ಮೈಸೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಆಸಿಡ್ ತುಂಬುವ ಅಲ್ಯೂಮಿನಿಯಂ ತೊಟ್ಟಿಗಳಿಗೆ ಗ್ಯಾಸ್ ಬೆಸುಗೆ ಹಾಕುತ್ತಿದ್ದ. ಅಲ್ಯೂಮಿನಿಯಂ ವಿಚಿತ್ರ ಲೋಹ. ಕಬ್ಬಿಣದಂತೆ ಕೆಂಪಾಗಿ ಎಚ್ಚರಿಸುವುದಿಲ್ಲ, ನೋಡನೋಡುತ್ತಲೇ ಕುಸಿದುಬಿಡುತ್ತದೆ. ಅದಕ್ಕೇ ಚಿಕ್ಕಣ್ಣ ತಗಡಿನ ಮೇಲೆ ಶ್ರೀಗಂಧದ ಸೋಪು ಉಜ್ಜುತ್ತಿದ್ದ. ಸೋಪು ಕಪ್ಪಾಯಿತೆಂದರೆ ಲೋಹ ಹದಕ್ಕೆ ಬಂತೆಂದು ಲೆಕ್ಕ.

ಪ್ರತಿ ತೊಟ್ಟಿಯ ಜೊತೆ ಅವನು ಒಂದು ಮಾದರಿ ತಗಡನ್ನೂ ಬೆಸೆದು ಕೊಡಬೇಕು. ಅದರಿಂದ ತುಂಡು ಕೊಯ್ದು ಪರೀಕ್ಷಿಸುವುದು ನನ್ನ ಕೆಲಸ. ಒರಟು ಎಮರಿ ಕಾಗದದಿಂದ ನಯವಾದದ್ದರವರೆಗೆ ಉಜ್ಜಬೇಕು. ಆಮೇಲೆ ಬಟ್ಟೆಯ ಮೇಲೆ ತಿಕ್ಕಿ ಕನ್ನಡಿ ಮಾಡಿ, ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ತುಂಡಿನ ಮುಖಕ್ಕೆ ಮಸಿ ಹಿಡಿಯುತ್ತದೆ. ಆ ಮಸಿಯನ್ನು ಆಸಿಡ್‌ನಲ್ಲಿ ತೊಳೆದು ಸೂಕ್ಷ್ಮದರ್ಶಕದಡಿ ಇಟ್ಟರೆ, ಎಲ್ಲಿ ಕರಗಿದೆ, ಎಲ್ಲಿ ಕೂಡಿಲ್ಲ ಎಲ್ಲ ಬಯಲು. ಇಡೀ ಕಾರ್ಖಾನೆಯ ಜಾತಕ ನನ್ನ ಕೈಯಲ್ಲಿದೆ ಎಂದು ಬೀಗುತ್ತಿದ್ದೆ ನೋಡಿ.

ಒಂದು ದಿನ ಅವನ ತುಂಡನ್ನು ತಿಕ್ಕುವಾಗ, ಮಸಿ ಹಿಡಿಸುವ ಮೊದಲೇ, ಕೂದಲೆಳೆಯಂಥ ಕಪ್ಪು ಗೆರೆ ಕಂಡಿತು. ಒಂದು ಅಂಚು ಬೆಸೆದೇ ಇರಲಿಲ್ಲ. ಮಹಡಿಯ ಮೇಲಿನ ನನ್ನ ಕೋಣೆಯಿಂದ ಕೆಳಗಿಳಿದು ಹೋದೆ. ಚಿಕ್ಕಣ್ಣ ಮುಖ ಅತ್ತ ತಿರುಗಿಸಿ, ಮೂಗು ಅರಳಿಸಿಕೊಂಡು, ಸೋಪಿನ ಹೊಗೆ ಮೂಸುತ್ತ ಬೆಸೆಯುತ್ತಿದ್ದ. ನೀಲಿ ಕನ್ನಡಕದ ಹಿಂದೆ ಕಣ್ಣು ಮುಚ್ಚಿತ್ತು.

"ಎರಡು ವರ್ಸಾಯ್ತು ಸ್ವಾಮಿ, ಎಲ್ಲಾ ಮಂಜು ಮಂಜು. ಮೂಗೇ ನನ್ ಕಣ್ಣು" ಎಂದ. ದನಿ ತಗ್ಗಿಸಿ, "ಇನ್ನೊಂಚೂರು ಉಜ್ಜಿ, ಓಗ್ಬುಡುತ್ತೆ. ಈ ಕೆಲ್ಸ ಓದ್ರೆ ನಾನ್ ಏನ್ ಮಾಡ್ಲಿ?"

ಉಜ್ಜಿದೆ. ಮೆತ್ತನೆಯ ಲೋಹ, ಸವರಿದ ಹಾಗೆಲ್ಲ ಗೆರೆಯ ಬಾಯಿ ಮುಚ್ಚಿಕೊಂಡಿತು. ಕಾಸ್ಟಿಕ್ ಸೋಡಾದ ಗೋಜಿಗೇ ಹೋಗದೆ, 'ಸರಿಯಿದೆ' ಎಂದು ಬರೆದು ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ, ನನ್ನ ಕೋಣೆಯ ಬೀರುವಿನಲ್ಲಿಟ್ಟಿದ್ದ ತುಂಡಿನ ಮೇಲೆ, ಗೆರೆಯಿದ್ದ ಜಾಗದಲ್ಲೇ, ಸಾಲಾಗಿ ಹನಿಗಳು. ಒರೆಸಿದೆ. ಮಾರನೆಯ ದಿನ ಮತ್ತೆ ಹನಿ. ಮೂರನೆಯ ದಿನವೂ. ಬೆಸುಗೆಗೆ ಹಾಕುವ ಉಪ್ಪಿನಂಥ ಪುಡಿ ಬಿರುಕಿನೊಳಗೆ ಸಿಕ್ಕಿಕೊಂಡು ಗಾಳಿಯ ತೇವ ಹೀರುತ್ತದೆ ಎಂಬ ವಿಜ್ಞಾನ ನನಗೂ ಗೊತ್ತಿತ್ತು. ಆದರೆ ಬೀರು ತೆರೆದಾಗಲೆಲ್ಲ ಸುಟ್ಟ ಸೋಪಿನ ವಾಸನೆ ಬರುತ್ತಿತ್ತಲ್ಲ, ಅದಕ್ಕೆ ಯಾವ ವಿಜ್ಞಾನ?

ಚಿಕ್ಕಣ್ಣನ ಅಂಗೈಯಲ್ಲಿ ತುಂಡು ಇಟ್ಟೆ. ಹೆಬ್ಬೆರಳಿನಿಂದ ಸವರಿ ಮೂಸಿದ. "ಇದು ಒಪ್ತಾ ಇಲ್ಲ ಕಣ್ರೀ" ಅಂದವನೇ ಎದ್ದು, ಗೋಡೆ ಹಿಡಿದುಕೊಂಡು ಮೇಸ್ತ್ರಿಯ ಬಳಿ ನಡೆದ. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ.

"ನಂಗೆ ಕಣ್ ಕಾಣ್ಸಲ್ಲ. ತೊಟ್ಟಿ ಕಳಿಸ್ಬೇಡಿ. ಮೇಲೆ ಪರೀಕ್ಸೆ ಮಾಡೋರಿಗೆ ನಾನೇ ಬೇರೆ ತಗಡು ಕೊಟ್ ಮೋಸ ಮಾಡ್ದೆ. ಅವ್ರದೇನೂ ತಪ್ಪಿಲ್ಲ."

ಸುತ್ತಿಗೆಯ ನಾಲ್ಕೇ ಏಟಿಗೆ ತೊಟ್ಟಿಯ ಬೆಸುಗೆ ಉದ್ದಕ್ಕೂ ಬಾಯಿಬಿಟ್ಟಿತು. ಅವತ್ತೇ ಚಿಕ್ಕಣ್ಣನನ್ನು ತೆಗೆದರು. ಗೆರೆ ಮುಚ್ಚಿದ್ದು ನಾನೇ ಎಂದು ಒಪ್ಪಿಕೊಳ್ಳಲಿಲ್ಲ. ಆ ತುಂಡನ್ನು ಜೇಬಿಗೆ ಹಾಕಿಕೊಂಡು ಮನೆಗೆ ತಂದು ಬೀರುವಿನಲ್ಲಿಟ್ಟೆ.

ಪ್ರತಿ ಮಳೆಗಾಲದಲ್ಲೂ ಅದು ಬೆವರುತ್ತದೆ. ಪ್ರತಿ ಮಳೆಗಾಲದಲ್ಲೂ ಯಾರಿಗೂ ಕಾಣದಂತೆ ಒರೆಸಿಟ್ಟಿದ್ದೇನೆ. ಇವತ್ತು ಬಚ್ಚಲಿನಿಂದ ಓಡಿಬಂದವನು ಬೀರು ತೆರೆದೆ. ಈ ಬಿರುಬಿಸಿಲಿನ ಬೇಸಿಗೆಯಲ್ಲೂ ಹನಿ ನಿಂತಿತ್ತು. ಬಟ್ಟೆಗೆ ಕೈ ಹೋಯಿತು, ವಾಪಸು ತೆಗೆದುಕೊಂಡೆ. ತುಂಡನ್ನು ತಂದು ಊಟದ ಮೇಜಿನ ನಡುವೆ ಇಟ್ಟೆ.

"ಏನ್ರೀ ಅದು, ಒದ್ದೆಯಾಗಿದೆ? ಒರೆಸಿಬಿಡ್ಲಾ?" ಎಂದಳು ಹೆಂಡತಿ.

"ಬೇಡ ಕಣೇ, ಕೂತ್ಕೋ" ಎಂದೆ. "ಅದು ನಾನು ಮಾಡಿದ್ದು."