ತಿರುವಿ ಒಣಗಿಸದ ಕೈಗವಸು

ಗೆದ್ದವರ ಕೊರಳಿಗೆ ಹಾರ ಹಾಕುವವರು ಅವರ ಬೂಟಿನೊಳಗೆ ಮೂಗಿಟ್ಟು ನೋಡಿರುವುದಿಲ್ಲ. ನೋಡಿದ್ದರೆ ಹಾರವನ್ನು ಅಲ್ಲಿಯೇ ಬಿಸಾಕಿ ಓಡುತ್ತಿದ್ದರು. ಬಸವನ ಬಾಗೇವಾಡಿಯ ಹಾಕಿ ಮಂಡಳದಲ್ಲಿ ಹಾಗೆ ಮೂಗಿಟ್ಟವನು ಒಬ್ಬನೇ, ಇಂಗಳೇಶ್ವರದ ಕಾಳಪ್ಪ. ಅವನು ಒಂದು ದಿನವೂ ಆಡಿದವನಲ್ಲ. ಹಾಕಿ ಕೋಲನ್ನು ಕೈಯಲ್ಲಿ ಹಿಡಿದದ್ದು ಒರೆಸಿ ಮೂಲೆಗೆ ಇಡುವುದಕ್ಕೆ ಮಾತ್ರ.

ಕಾಳಪ್ಪನದು ಕುರಿ ಕಾಯುವ ಮನೆತನ. ಅಣ್ಣತಮ್ಮಂದಿರು ಬೇರೆಯಾದಾಗ ಕುರಿ ಅಣ್ಣನ ಪಾಲಿಗೆ ಹೋದವು, ಊರ ಅಂಚಿನ ತುಂಡು ಹೊಲ ಇವನ ಪಾಲಿಗೆ ಬಂತು. ಹೊಲವೊಂದನ್ನೇ ನೆಚ್ಚಿದರೆ ವರ್ಷ ಸಾಗದು ಎಂದು ಬಾಗೇವಾಡಿಯ ಬಸಂತರಾಯರ ಕಾಳುಕಡಿಯ ಅಡತಿ ಅಂಗಡಿಗೆ ಚೀಲ ಹೊಲಿಯಲು ಸೇರಿದ. ಬಸಂತರಾಯರು ಹಾಕಿ ಮಂಡಳದ ಕಾರ್ಯದರ್ಶಿ. ಆಟ ಮುಗಿದ ಮೇಲೆ ಪ್ಯಾಡು, ಬೂಟು, ಕೈಗವಸುಗಳನ್ನೆಲ್ಲ ಹುಡುಗರು ಅಂಗಡಿಯ ಹಿಂದಿನ ಕೋಣೆಯಲ್ಲಿ ಬಿಸಾಕಿ ಹೋಗುತ್ತಿದ್ದರು. ಶೇಂಗಾ ಮಾರಲು ಬಂದ ರೈತರು ಮೂಗು ಮುಚ್ಚಿಕೊಂಡು, ಒಳಗೆ ಏನಾದರೂ ಸತ್ತಿದೆಯೇ ಎಂದು ಕೇಳಿದಾಗ ಬಸಂತರಾಯರಿಗೆ ಮರ್ಯಾದೆ ಹೋದಂತಾಯಿತು. ಏನಾದರೂ ಮಾಡು ಎಂದು ಕಾಳಪ್ಪನಿಗೆ ಹೇಳಿ ಕೈತೊಳೆದುಕೊಂಡರು.

ಕಾಳಪ್ಪನಿಗೆ ಗೊತ್ತಿದ್ದದ್ದು ಕಂಬಳಿ ಒಂದೇ. ತೊಯ್ದ ಕಂಬಳಿಯ ನಾತವನ್ನು ಹೇಗೆ ಕಳೆಯಬೇಕೆಂದು ಅವನ ಅವ್ವ ಕಲಿಸಿದ್ದಳು. ಅದನ್ನೇ ಇಲ್ಲಿಯೂ ಮಾಡಿದ. ಹಸಿ ತೊಗಲನ್ನು ಬಿಸಿಲಿಗೆ ಹಾಕಿದರೆ ಹಪ್ಪಳವಾಗುತ್ತದೆ, ಆದ್ದರಿಂದ ಎಲ್ಲವೂ ಹಿತ್ತಲಿನ ಬೇವಿನ ನೆರಳಿಗೆ. ಬೂಟಿನೊಳಗೆ ಹಳೆಯ ಪತ್ರಿಕೆ ತುರುಕುವುದು, ಅದು ನೀರು ಕುಡಿದ ಮೇಲೆ ತೆಗೆದು ಬೇರೆ ತುರುಕುವುದು. ಪ್ಯಾಡಿನ ಪಟ್ಟಿ ಬಿಚ್ಚಿ, ಮಣ್ಣು ಬಡಿದು, ಹಗ್ಗಕ್ಕೆ ತೂಗುಹಾಕುವುದು. ಕೈಗವಸಿನದು ಮಾತ್ರ ನಾಜೂಕಿನ ಕೆಲಸ. ಅದರ ಒಳಗಿನ ಅರಿವೆಯನ್ನು ಬೆರಳು ಬೆರಳಾಗಿ ಹೊರಗೆ ಎಳೆದು, ತಿರುವಿ, ಗಾಳಿಗೆ ಒಡ್ಡಬೇಕು. ಎಲ್ಲ ಒಣಗಿದ ಮೇಲೆ ಒಡೆದ ಮಡಕೆಯ ಬೋಕಿಯಲ್ಲಿ ಕೆಂಡ ಹಾಕಿ, ಚಮನಸಾಬನ ಅಂಗಡಿಯಿಂದ ತಂದ ಲೋಬಾನ ಉದುರಿಸಿ, ಮೇಲೆ ಬುಟ್ಟಿ ಡಬ್ಬು ಹಾಕಿ ಹೊಗೆ ಕೊಡುತ್ತಿದ್ದ. ಬಾಣಂತಿಗೂ ಕೂಸಿಗೂ ಹೊಗೆ ಹಾಕುವುದು ಹೀಗೆಯೇ ಅಲ್ಲವೇ? ಹುಡುಗರು ಅದಕ್ಕೆ ಕಾಳಪ್ಪ ಕಾಕಾನ ಬಾಣಂತನ ಎಂದು ಹೆಸರಿಟ್ಟರು. ಅವನಿಗೆ ಸಿಟ್ಟು ಬರಲಿಲ್ಲ. ಒಳಗೊಳಗೇ ಹಿಗ್ಗಿದ.

ನಗದೇ ಇದ್ದವನು ಗೋಲ್‌ಕೀಪರ್ ನಬಿಲಾಲ ಒಬ್ಬನೇ. ಬಸ್ ಸ್ಟ್ಯಾಂಡಿನ ಎದುರಿಗೆ ಅವನ ಅಪ್ಪ ಕಾಸಿಂಸಾಬನ ಹೊಲಿಗೆ ಅಂಗಡಿ, ಹಗಲೆಲ್ಲ ಅಲ್ಲಿ ಕಾಲರು ಹೊಲಿಯುತ್ತಿದ್ದ. ಸಂಜೆ ಮೈದಾನಕ್ಕೆ ಇಳಿದರೆ ಬೇರೆಯೇ ಮನುಷ್ಯ. ಪ್ರತಿ ಆಟಕ್ಕೂ ಮುಂಚೆ ಕೈಗವಸನ್ನು ಮೂಗಿಗೆ ಹಿಡಿದು ಒಮ್ಮೆ ಉಸಿರೆಳೆದುಕೊಂಡು, ಕಾಳಪ್ಪನ ಕಡೆಗೆ ನೋಡಿ ತಲೆಯಾಡಿಸಿ, ಆಮೇಲೆ ತೊಡುತ್ತಿದ್ದ. ಆ ಒಂದು ತಲೆಯಾಡಿಸುವಿಕೆಗಾಗಿ ಕಾಳಪ್ಪ ವಾರವೆಲ್ಲ ಬೆವರಿನ ಅರಿವೆ ಹಿಂಡುತ್ತಿದ್ದ ಎಂದರೆ ಸುಳ್ಳಲ್ಲ.

ಎಪ್ಪತ್ನಾಲ್ಕರ ಫೆಬ್ರುವರಿಯಲ್ಲಿ ಸಿಂದಗಿಯಲ್ಲಿ ಟೂರ್ನಮೆಂಟು ನಡೆಯಿತು. ಇಂಡಿ, ಮುದ್ದೇಬಿಹಾಳದ ತಂಡಗಳೂ ಬಂದಿದ್ದವು. ಹುಬ್ಬಳ್ಳಿಯಿಂದ ರೈಲ್ವೆ ತಂಡದ ಸಾಹೇಬರೊಬ್ಬರು ಬಂದು ಮೂರು ದಿನದಿಂದ ನಬಿಲಾಲನ ಆಟ ನೋಡುತ್ತಿದ್ದರು. ಒಂದು ಗೋಲೂ ಬಿಡದ ಅವನನ್ನು ಫೈನಲ್ಲಿನಲ್ಲಿಯೂ ಒಮ್ಮೆ ನೋಡಿ, ರೈಲ್ವೆಯಲ್ಲಿ ನೌಕರಿ ಕೊಟ್ಟು ಕರೆದುಕೊಳ್ಳುವುದಾಗಿ ಬಸಂತರಾಯರಿಗೆ ಮಾತು ಕೊಟ್ಟಿದ್ದರು. ಕಾಸಿಂಸಾಬ ಆಗಲೇ ಮಗನಿಗೆ ಹೊಸ ಪ್ಯಾಂಟು ಹೊಲಿದಿಟ್ಟಿದ್ದ.

ಶನಿವಾರದ ಸೆಮಿಫೈನಲ್ಲಿನಲ್ಲಿ, ಧೂಳು ಏಳದಿರಲೆಂದು ಹೊಡೆದ ನೀರು ಗೋಲಿನ ಮುಂದೆ ಕೆಸರಾಗಿ, ನಬಿಲಾಲ ಅದರಲ್ಲಿ ಹೊರಳಾಡಿ ಎದ್ದ. ಪ್ಯಾಡು, ಕೈಗವಸು ತೊಯ್ದು ತೊಪ್ಪೆಯಾದವು. ಸೋಮವಾರ ಫೈನಲ್. ನಡುವೆ ಉಳಿದದ್ದು ರವಿವಾರ ಒಂದೇ, ಅಂದೇ ಕಾಳಪ್ಪನ ಹೊಲದಲ್ಲಿ ಜೋಳದ ರಾಶಿ. ರಾಶಿಗೆ ಯಜಮಾನನೇ ಇಲ್ಲದಿದ್ದರೆ ಹೇಗೆ? ಸಾಮಾನನ್ನು ಬೇರೆಯವರ ಕೈಗೆ ಕೊಡಲು ಜೀವ ಒಪ್ಪಲಿಲ್ಲ. ಯಾರನ್ನೂ ಕೇಳದೆ ಕಂಬಳಿಯಲ್ಲಿ ಗಂಟು ಕಟ್ಟಿಕೊಂಡು ಇಂಗಳೇಶ್ವರದ ಬಸ್ಸು ಹತ್ತಿದ. ತನ್ನಷ್ಟು ಚೆನ್ನಾಗಿ ಇನ್ನಾರೂ ಒಣಗಿಸಲಾರರು ಎಂಬ ಹಮ್ಮು ಅದು. ಒಳ್ಳೆಯ ಕೆಲಸಗಾರನನ್ನು ಕೆಡಿಸುವುದು ಈ ಹಮ್ಮೇ.

ಕಣದ ಪಡುವಣ ಅಂಚಿನಲ್ಲಿ ಒಂದು ಜಾಲಿಗಿಡ. ಗಾಳಿ ಪಡುವಣದಿಂದ ಬೀಸುತ್ತಿತ್ತು. ಕಾಳಪ್ಪ ಅದರ ಟೊಂಗೆಗೆ ಪ್ಯಾಡು, ಕೈಗವಸು ತೂಗುಹಾಕಿದ. ಜೋಳ ತೂರುವಾಗ ಹಾರುವ ಸುಂಕು ಎಂಥದೆಂದು ಆ ಸೀಮೆಯವರಿಗೆ ಹೇಳಬೇಕಿಲ್ಲ. ಕಣ್ಣಿಗೆ ಕಾಣದ ಮುಳ್ಳಿನಂಥ ಧೂಳು, ಬೆವರು ಹತ್ತಿತೋ ಮೈಗೆ ಬೆಂಕಿ. ಅವನ ಹೆಂಡತಿ ಚಂದವ್ವ ಬುತ್ತಿ ಇಳಿಸುತ್ತಲೇ ಅದನ್ನು ನೋಡಿದಳು.

“ಕಣದಾಗ ಯಾಕ ತೂಗ ಹಾಕೀರಿ? ಸುಂಕ ಒಳಗ ಹೊಕ್ಕರ ತೊಟ್ಟವರು ತುರಿಸಿ ತುರಿಸಿ ಸಾಯ್ತಾರ.”

ಸುಂಕೆಲ್ಲ ಮೂಡಣಕ್ಕೆ ಹಾರುತ್ತದೆ, ನೀನೇನು ಹಾಕಿ ಆಡಿದವಳೇ ಎಂದು ಅವಳ ಬಾಯಿ ಮುಚ್ಚಿಸಿದ. ಮಧ್ಯಾಹ್ನ ಗಾಳಿ ತಿರುಗಿತು. ಕಾಳಪ್ಪನೂ ತಿರುಗಿ ನಿಂತು ತೂರಿದ. ಮುಂದೆ ಮುತ್ತಿನಂಥ ಜೋಳ ಗುಡ್ಡೆಯಾಗುತ್ತಿತ್ತು, ಕಣ್ಣು ಅದರ ಮೇಲೆಯೇ. ಹಿಂದಿನ ಜಾಲಿಗಿಡ ಈಗ ಎದುರಿಗೆ, ಗಾಳಿಯ ಬಾಯಿಗೆ ಬಂದಿದೆ ಎಂಬುದು ಹೊತ್ತು ವಾಲಿದ ಮೇಲೆ ಹೊಳೆಯಿತು. ಓಡಿಹೋಗಿ ಇಳಿಸಿ, ಹೊರಮೈಯನ್ನು ಅರಿವೆಯಿಂದ ಬಡಿದು ಬಡಿದು ಝಾಡಿಸಿದ. ಕೈಗವಸಿನ ಒಳಅರಿವೆ ಇನ್ನೂ ಒಳಗೇ ಇತ್ತು. ತಿರುವಬೇಕು ಎಂದುಕೊಂಡ. ರಾಶಿಪೂಜೆಗೆ ಚಂದವ್ವ ಕೂಗುತ್ತಿದ್ದಳು, ಬಾಗೇವಾಡಿಯ ಕೊನೆಯ ಬಸ್ಸಿನ ಹೊತ್ತಾಗಿತ್ತು. ಅವಸರದಲ್ಲಿ ಕಣದ ಮೂಲೆಯಲ್ಲಿಯೇ ಲೋಬಾನದ ಹೊಗೆ ಕೊಟ್ಟು ಗಂಟು ಕಟ್ಟಿದ. ಘಮಘಮ ಎನ್ನುತ್ತಿತ್ತು. ಅಷ್ಟಕ್ಕೇ ಸಮಾಧಾನಪಟ್ಟುಕೊಂಡ, ಪಾಪಿ.

ಸೋಮವಾರ ನಬಿಲಾಲ ಎಂದಿನಂತೆ ಕೈಗವಸು ಮೂಸಿ, ತಲೆಯಾಡಿಸಿ, ತೊಟ್ಟ. ಮೊದಲ ಅರ್ಧದಲ್ಲಿ ಏನೂ ಆಗಲಿಲ್ಲ. ಎರಡನೆಯ ಅರ್ಧದಲ್ಲಿ ಬಿಸಿಲೇರಿ ಕೈ ಬೆವೆತಾಗ ಅವನು ಗೋಲಿನ ಕಂಬಕ್ಕೆ ಮುಂಗೈ ತಿಕ್ಕಲು ಶುರುಮಾಡಿದ. ಗೆರೆಯ ಹೊರಗೆ ಕೂತಿದ್ದ ಕಾಳಪ್ಪ ಎದ್ದು ನಿಂತ. ಚೆಂಡು ಆ ಕಡೆ ಇದ್ದಾಗ ನಬಿಲಾಲ ತಡೆಯಲಾರದೆ ಬಲಗೈಯ ಕೈಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು, ಪರಪರ ಕೆರೆದುಕೊಳ್ಳತೊಡಗಿದ. ಚೆಂಡು ಈ ಕಡೆಗೆ ಬರಲು ಎಷ್ಟು ಹೊತ್ತು? ಇಂಡಿಯವರು ಹೊಡೆದರು. ಬರಿಗೈ ಹಿಂಜರಿಯಿತು, ಚೆಂಡು ಒಳಗೆ ಹೋಯಿತು. ಅದೊಂದೇ ಗೋಲು, ಅದರಲ್ಲಿಯೇ ಆಟ ಮುಗಿಯಿತು. ಲಾರಿಯಲ್ಲಿ ಮರಳುವಾಗ ಕಾಳಪ್ಪ ಮೂಲೆಯಲ್ಲಿ ಕೂತು ಕೈಗವಸಿನೊಳಗೆ ತನ್ನ ಕೈ ಹಾಕಿದ. ಬಾಗೇವಾಡಿ ಬರುವುದರೊಳಗೆ ಮಣಿಕಟ್ಟಿನವರೆಗೆ ಕೆಂಪಗೆ ದದ್ದು ಎದ್ದಿದ್ದವು.

ಮರುದಿನ ಹುಬ್ಬಳ್ಳಿಗೆ ಹೊರಟ ಸಾಹೇಬರು ಜೀಪು ನಿಲ್ಲಿಸಿ ಬಸಂತರಾಯರ ಅಂಗಡಿಗೆ ಬಂದರು. ಅವರಿಗೂ ಮನಸ್ಸಿಗೆ ಒಪ್ಪಿರಲಿಲ್ಲ. ಅಷ್ಟು ಒಳ್ಳೆಯ ಆಟಗಾರ ನಡುವೆಯೇ ಯಾಕೆ ಕೈಗವಸು ತೆಗೆದ, ಅದರೊಳಗೆ ಏನಾದರೂ ಇತ್ತೇ ಎಂದು ಕೇಳಿದರು. ಕರೆಸಿದ್ದ ನಬಿಲಾಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲ ಬಳಿ ನಿಂತಿದ್ದ. ಬಸಂತರಾಯರು ಚೀಲ ಹೊಲಿಯುತ್ತಿದ್ದವನ ಕಡೆಗೆ ತಿರುಗಿದರು.

“ಕೈಗವಸ ಹೆಂಗಿದ್ದುವೋ ಕಾಳಪ್ಪ?”

ಹೇಳಿದರೆ ಕೆಲಸ ಹೋಗಬಹುದಿತ್ತು. ಅದಕ್ಕಿಂತ ಹೆಚ್ಚಾಗಿ, ಕುರಿ ಕಾಯುವವನ ಕೈಗೆ ಕೊಟ್ಟರೆ ಇನ್ನೇನಾದೀತು ಎಂಬ ಮಾತು ಕೇಳಬೇಕಾಗುತ್ತಿತ್ತು. ಅದು ಅವನಿಗೆ ಸಾವಿಗಿಂತ ಕಡೆಯೆನಿಸಿತು. ದದ್ದೆದ್ದ ಕೈಯನ್ನು ಚೀಲದ ಕೆಳಗೆ ಸರಿಸಿದ.

“ಚಲೋ ಇದ್ದುವ್ರಿ. ನಾನೇ ಒಣಗಿಸಿ, ಲೋಬಾನ ಹಾಕೀನ್ರಿ.”

ಹಾಗಾದರೆ ಹುಡುಗನ ಎದೆಯಲ್ಲಿಯೇ ದಮ್ಮಿಲ್ಲ ಎಂದು ಸಾಹೇಬರು ಜೀಪು ಹತ್ತಿದರು. ನಬಿಲಾಲ ಅಂಗಡಿಯ ಮೆಟ್ಟಿಲಿಳಿದು ಹೋದ. ಆ ಮೇಲೆ ಅವನು ಮೈದಾನಕ್ಕೆ ಬರಲಿಲ್ಲ. ಅಂಜುಬುರುಕ ಎಂದು ಊರು ಆಡಿಕೊಂಡಿತು.

ಕಾಳಪ್ಪ ಬಾಣಂತನ ಬಿಡಲಿಲ್ಲ. ಹೊಸ ಹುಡುಗರು ಬಂದರು, ಹೊಸ ಪ್ಯಾಡು ಬಂದವು. ಈಗ ಪ್ರತಿ ಕೈಗವಸನ್ನೂ ಎರಡೆರಡು ಸಲ ತಿರುವುತ್ತಿದ್ದ, ಹೊಗೆ ಕೊಟ್ಟ ಮೇಲೆ ತನ್ನ ಕೈ ಹಾಕಿ ಬೆವರುವ ತನಕ ಕೂತಿರುತ್ತಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು, ಆದರೆ ಕೆಟ್ಟದ್ದು ಇನ್ನೊಬ್ಬನ ಬಾಳು. ಬಸ್ ಸ್ಟ್ಯಾಂಡಿಗೆ ಹೋಗಬೇಕಾದರೆ ಹೊಲಿಗೆ ಅಂಗಡಿ ತಪ್ಪಿಸಿ, ಹಿಂದಿನ ಓಣಿ ಸುತ್ತಿಕೊಂಡು ಹೋಗುತ್ತಿದ್ದ. ಹೀಗೆ ಐದು ವರ್ಷ.

ಎಪ್ಪತ್ತೊಂಬತ್ತರಲ್ಲಿ ಒಂದು ಕೈಗವಸಿನ ಒಳಅರಿವೆ ಹರಿಯಿತು. ಹೊಲಿಸಬೇಕೆಂಬ ನೆಪ ಸಿಕ್ಕಿತು. ಕಾಸಿಂಸಾಬ ತೀರಿಹೋಗಿದ್ದ, ನಬಿಲಾಲ ಒಬ್ಬನೇ ಮಶೀನಿನ ಮುಂದೆ ಕೂತಿದ್ದ. ಕಾಳಪ್ಪ ಕೈಗವಸನ್ನು ಮುಂದಿಟ್ಟು, ನಿಂತಲ್ಲಿಯೇ ಎಲ್ಲವನ್ನೂ ಹೇಳಿದ. ಕಣ, ಜಾಲಿಗಿಡ, ತಿರುಗಿದ ಗಾಳಿ, ತಿರುವದೆ ಬಿಟ್ಟ ಅರಿವೆ, ಸಾಹೇಬರ ಮುಂದೆ ಆಡಿದ ಸುಳ್ಳು. ಈಗಲಾದರೂ ಹುಬ್ಬಳ್ಳಿಗೆ ಹೋಗಿ ಅವರ ಕಾಲು ಹಿಡಿಯುತ್ತೇನೆ ಎಂದ. ಸಾಹೇಬರು ನಿವೃತ್ತರಾಗಿದ್ದಾರೆ, ಮೂವತ್ತು ಮುಟ್ಟಿದ ಗೋಲ್‌ಕೀಪರನನ್ನು ಇನ್ನಾರು ಕರೆಯುತ್ತಾರೆ ಎಂದು ನಬಿಲಾಲ ನಕ್ಕ. ಮಶೀನಿನ ಚಕ್ರ ನಿಲ್ಲಿಸಿದ.

“ನನಗ ಯಾಕ ಹೇಳಾಕತ್ತೀರಿ ಕಾಕಾ? ನನಗ ಆವತ್ತೇ ಗೊತ್ತಿತ್ತು. ಸಾಹೇಬರ ಮುಂದ ನಾ ಹೇಳಿದ್ರ, ಕುಣಿಯಾಕ ಬರದಾಕಿ ಅಂಗಳ ಡೊಂಕ ಅಂದಂಗ ಆಗ್ತಿತ್ತು. ನೀವು ಹೇಳಿದ್ರ ನಂಬ್ತಿದ್ರು. ಬಾಗಲದಾಗ ನಿಮ್ಮ ಬಾಯಿ ನೋಡ್ಕೋತ ನಿಂತಿದ್ದೆ.”

ಕಾಳಪ್ಪ ಹೊಸ್ತಿಲ ಮೇಲೆ ಕೂತ. ನಬಿಲಾಲ ಸಿಟ್ಟು ಮಾಡಲಿಲ್ಲ. ಚಹಾ ತರಿಸಿದ, ಕೈಗವಸಿನ ಅರಿವೆಯನ್ನು ಬೆರಳು ಬೆರಳಾಗಿ ಹೊರಗೆಳೆದು ಹೊಲಿದ. ಹೊಲಿದ ಮೇಲೆ ಹಳೆಯ ರೂಢಿಯಂತೆ ಮೂಗಿಗೆ ಹಿಡಿದು ಉಸಿರೆಳೆದುಕೊಂಡ. ಆದರೆ ತಲೆಯಾಡಿಸಲಿಲ್ಲ. ಒಳಗೆ ಕೈ ಹಾಕಿ, ಒಂದೊಂದು ಬೆರಳಿನ ತುದಿಯವರೆಗೂ ತಡವಿ ನೋಡಿದ. ಲೋಬಾನ ಇನ್ನೂ ಚಮನಸಾಬನ ಅಂಗಡಿಯಿಂದಲೇ ತರುತ್ತೀರಾ ಎಂದು ಕೇಳಿದ. ಈ ಸಲ ತಲೆಯಾಡಿಸಿದವನು ಕಾಳಪ್ಪ.