ತುಂಬಿದ ಕೊಡ, ನಲವತ್ಮೂರು ಕಲ್ಲು

ಹೇರೋಹಳ್ಳಿಯ ಹೊಸ ಮನೆಗಳ ಬೆನ್ನಿಗೆ ಇನ್ನೂ ಮಬ್ಬುಗತ್ತಲೆ. ಸ್ಮಶಾನದಲ್ಲಿ ಅರವತ್ತೊಂದರ ಅಕ್ಕವ್ವ ತುಂಬಿದ ಕೊಡವನ್ನು ಸೊಂಟಕ್ಕಿಟ್ಟು, ಕಣ್ಣು ಮುಚ್ಚಿ ನಡೆಯುತ್ತಿದ್ದಾರೆ. ಐದು ಹೆಜ್ಜೆ ಇಟ್ಟು ನಿಲ್ಲುತ್ತಾರೆ. "ಹನುಮೇಶಣ್ಣ" ಎನ್ನುತ್ತಾರೆ, ಮಲಗಿದವರನ್ನು ಮೆಲ್ಲಗೆ ಎಬ್ಬಿಸುವ ಹಾಗೆ. ನಿಂತಲ್ಲೇ ಸಡಿಲ ಮಣ್ಣು ಕೆದರಿದರೆ ಒಂದು ಕುಳಿ. ಮೇಸ್ತ್ರಿ ಮಹದೇವ್ ಹೊತ್ತು ತಂದ ಕಲ್ಲು ಅದರಲ್ಲಿ ಅಲುಗದೆ ಕೂರುತ್ತದೆ.

ನಲವತ್ತು ವರ್ಷದ ಹಿಂದೆ ಕುಷ್ಟಗಿ ಕಡೆಯಿಂದ ಹನ್ನೆರಡು ಮನೆಯವರು ಕಲ್ಲು ಹೊರುವ ಕೆಲಸಕ್ಕೆ ಇಲ್ಲಿಗೆ ಬಂದರು. ಊರು ಒಂದು ಹಗಲಿನ ದಾರಿ. ತೀರಿಕೊಂಡವರನ್ನು ಇಲ್ಲೇ ಮಣ್ಣು ಮಾಡಿದರು. ಆಗ ಯಾವ ಮನೆ ಕಟ್ಟುತ್ತಿದ್ದರೋ ಅದರಲ್ಲಿ ಉಳಿದ ಒಂದು ಕಲ್ಲು ತಲೆಯ ಕಡೆಗೆ. ಹೆಸರು ಬರೆಸುವ ರೂಢಿಯಿಲ್ಲ.

"ಈ ಕೆಂಪಂದು ರಾಜಾಜಿನಗರದ್ರಿ. ಇದು ವಿಜಯನಗರದ್ದು, ನಮ್ಮ ಮನೆಯವ್ರು," ಅಕ್ಕವ್ವ ತೋರಿಸುತ್ತಾರೆ.

ಮೊದಲು ಗುಂಡಿ ತೋಡುತ್ತಿದ್ದವರು ಅವರ ಗಂಡನೇ. ಅವರು ಹೋದ ಮೇಲೆ ಹತ್ತೊಂಬತ್ತು ವರ್ಷದಿಂದ ಗುದ್ದಲಿ ಅಕ್ಕವ್ವನ ಕೈಯಲ್ಲಿದೆ. ಪ್ರತಿ ಸೋಮವಾರ ಎಲ್ಲ ಸಮಾಧಿಗೂ ನೀರು; ನಾಲ್ಕಕ್ಕೆ ಒಂದು ಕೊಡ, ನಲ್ಲಿಗೆ ಹನ್ನೊಂದು ಸಲ ನಡಿಗೆ.

ಮೊನ್ನೆ ಕಾಂಪೌಂಡ್ ಗೋಡೆಯ ಕೆಲಸ ಶುರುವಾಯಿತು. ಆಳುಗಳು ನೆಲ ಕೆರೆದು ಮಟ್ಟ ಮಾಡಿದರು. ನಲವತ್ಮೂರು ಕಲ್ಲನ್ನೂ ಕಿತ್ತು ಪಾಯದ ಪಕ್ಕ ಗುಡ್ಡೆ ಹಾಕಿದರು.

"ಗೋಡೆಗೆ ಆಗೋ ಸೈಜುಗಲ್ಲು ಬಿದ್ದಿದೆ ಅನ್ಕೊಂಡ್ವಿ ಕಣಮ್ಮ," ಮಹದೇವ್ ತಲೆ ತಗ್ಗಿಸುತ್ತಾರೆ.

"ಕಲ್ಲು ಕಂಡ್ರ ಗೋಡೆ, ನೆಲ ಕಂಡ್ರ ಸೈಟು. ಮತ್ತೇನೂ ಕಾಣಂಗಿಲ್ಲೇನಪ್ಪ ನಿಮಗ?"

ಯಾವ ಕಲ್ಲು ಯಾರದೆಂದು ತಿಳಿಯಲು ಅಕ್ಕವ್ವನಿಗೆ ನೋಡಿದರೆ ಸಾಕು. ಜಾಗ ಮಾತ್ರ ಕಾಲಿಗೆ ಗೊತ್ತು. ನಿನ್ನೆ ಬರಿಗೈಯಲ್ಲಿ ನಡೆದು ನೋಡಿದರು. ಎಲ್ಲಿ ಕೆದರಿದರೂ ಗಟ್ಟಿ ನೆಲ. "ಮನ್ಯಾಗ ನೀರು ತುಂಬೂವಾಗ ಹೊಳೀತ್ರಿ. ಕೊಡ ತುಂಬಿದ್ರ ಹೆಜ್ಜಿ ಸಣ್ಣ ಆಗ್ತಾವು. ನಾ ಬರಿಗೈಲೆ ಉದ್ದುದ್ದ ಹಾಕಾಕತ್ತಿದ್ದೆ!"

ಬಿಸಿಲೇರುವ ಹೊತ್ತಿಗೆ ನಲವತ್ತೆರಡು ಕಲ್ಲು ಕೂತಿವೆ. ಉಳಿದದ್ದು ಬಿನ್ನಿಪೇಟೆಯ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಗುರುದೇವಿಯ ತಾಯಿಯದು. ನಾಳೆ ವರ್ಷದ ಪೂಜೆ. ಗುರುದೇವಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಾರೆ. "ಜಾಗ ತಪ್ಪಿದ್ರ ನಾ ಯಾರ ತಲಿಗೆ ಹೂ ಇಡ್ಲಿ ಚಿಗವ್ವ?"

ಅಕ್ಕವ್ವ ಕೊಡ ಎತ್ತಿಕೊಳ್ಳುತ್ತಾರೆ. ನಡೆಯುತ್ತಾರೆ, ನಿಲ್ಲುತ್ತಾರೆ, ಕೆದರುತ್ತಾರೆ. ಕಲ್ಲಿನ ಮುರಿದ ಮೂಲೆ ಕುಳಿಯ ಮೂಲೆಗೆ ಸರಿಯಾಗಿ ಇಳಿಯುತ್ತದೆ. ಮಹದೇವ್ ಕಾಲಿಟ್ಟು ಒತ್ತಲು ಹೋಗಿ, ತಡೆದು, ಬಗ್ಗಿ ಕೈಯಲ್ಲಿ ಒತ್ತುತ್ತಾರೆ. ಅಲುಗುವುದಿಲ್ಲ. ಗುರುದೇವಿ ಅಲ್ಲೇ ಕೂತು, ಅಳುತ್ತಲೇ ನಗುತ್ತಾರೆ.

"ಪೇಂಟಲ್ಲಿ ನಂಬರ್ ಹಾಕ್ಬಿಡ್ಲಾ ಅಮ್ಮ?" ಮಹದೇವ್ ಕೇಳುತ್ತಾರೆ.

"ನಂಬರ್ ಬ್ಯಾಡಪ್ಪ, ಹೆಸರು ಬರಿ. ನನಗ ಓದಾಕ ಬರಂಗಿಲ್ಲ, ಖರೆ. ನನ್ನ ಹಿಂದ ಬರೋರಿಗೆ ಬೇಕಲ್ಲ."

ಅಕ್ಕವ್ವ ಕೊಡದ ನೀರನ್ನು ಕಲ್ಲಿಗೆ ಸುರಿದು, ಖಾಲಿ ಕೊಡವನ್ನು ಬೋರಲು ಹಾಕಿ ಅದರ ಪಕ್ಕ ಕೂರುತ್ತಾರೆ. ಬೆವರು ಒರೆಸಿಕೊಂಡು ಗುರುದೇವಿಯ ಚೀಲದತ್ತ ನೋಡುತ್ತಾರೆ.

"ರೊಟ್ಟಿ ತಂದೀಯೇನವ್ವ? ಎರಡು ದಿನದ ಮ್ಯಾಲ ಈಗ ಹಸಿವಾತು ನೋಡು."